ಕವರಿನ ಲೆಕ್ಕ, ಬಾಂಡಿನ ಲೆಕ್ಕ

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಕಡೆಯವರು. ಮನೆಮಾತು ಕನ್ನಡ, ಬಸ್ತಿಯ ಮಾತು ತೆಲುಗು, ಸಂತೆಯಲ್ಲಿ ದಖ್ಖನಿ. 2023ರ ನವೆಂಬರ್ 30ರಂದು ತೆಲಂಗಾಣ ವಿಧಾನಸಭೆಗೆ ಮತದಾನ. ಅದರ ಹಿಂದಿನ ದಿನ ಅವರು ಬಂದಾಗ ಮುಖ ಸಪ್ಪಗಿತ್ತು. ಹೈದರಾಬಾದಿನ ಕಾಚಿಗುಡದ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಲೇ ಹೇಳಿದರು: “ಬಾಜೂ ಮನಿಗೆ ಕವರ್ ಕೊಟ್ಟು ಹೋದ್ರು ನೋಡ್ರಿ. ನಮ್ಮ ಮನ್ಯಾಗ ನಾಕು ಓಟು ಅದಾವ. ನಮ್ಮ ಬಾಗಲಿಗೆ ಬರಲೇ ಇಲ್ಲ.” ಲಂಚ ಸಿಗಲಿಲ್ಲವೆಂದು ಬೇಜಾರೇಕೆ ಎಂದು ಕೇಳಿದೆ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದರು. “ರೊಕ್ಕದ ಮಾತಲ್ರಿ. ಹುಡುಗ್ರು ಲಿಸ್ಟ್ ಹಿಡ್ಕೊಂಡು, ಪೆನ್ನಿಲೆ ಟಿಕ್ ಹಾಕ್ಕೋಂತ ಬಂದಿದ್ರು. ಆ ಲಿಸ್ಟ್‌ನ್ಯಾಗ ನಾವಿಲ್ಲ ಅಂದ್ರ ನಾವು ಯಾರ ಲೆಕ್ಕಕ್ಕೂ ಇಲ್ಲ ಅಂದಂಗ ಆತಲ್ರಿ.”

ಆ ಮಾತು ಕೇಳಿದ ಮೇಲೆ ‘ಮತದಾರ ಮಾರಾಟವಾಗಿದ್ದಾನೆ’ ಎಂದು ಹಗುರವಾಗಿ ಬರೆಯುವುದು ನನ್ನಿಂದಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಹುಜೂರಾಬಾದ್ ಉಪಚುನಾವಣೆ ನಡೆದಾಗ ಕೆಲವು ಹಳ್ಳಿಗಳ ಹೆಂಗಸರು ತಮಗೆ ಕವರು ತಲುಪಿಲ್ಲವೆಂದು ರಸ್ತೆಗಿಳಿದು ಪ್ರತಿಭಟಿಸಿದ್ದರು. ಟಿವಿಯವರು ಅದನ್ನು ತಮಾಷೆಯ ಸುದ್ದಿಯಾಗಿ ತೋರಿಸಿದರು. ಪಡಿತರ ಚೀಟಿಯಿಂದ ಪಿಂಚಣಿಯವರೆಗೆ ಎಲ್ಲವೂ ಯಾವುದೋ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಸಿಗುವ ಊರಿನಲ್ಲಿ, ಕವರಿನ ಪಟ್ಟಿಯೂ ಸರ್ಕಾರದ ಇನ್ನೊಂದು ಪಟ್ಟಿಯಂತೆಯೇ ಕಾಣುತ್ತದೆ. ಕವರು ಕೊಡುವುದು, ಪಡೆಯುವುದು ತಪ್ಪೇ, ಅಪರಾಧವೂ ಹೌದು. ಮತಕ್ಕಾಗಿ ಹಣ ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಕವರಿನೊಳಗಿನ ಹಣ ಎಲ್ಲಿಂದ ಹೊರಟಿತು ಎಂಬ ಪ್ರಶ್ನೆಗೆ ನಮ್ಮ ಚುನಾವಣಾ ವ್ಯವಸ್ಥೆ ಉತ್ತರ ಹುಡುಕುವುದಿಲ್ಲ. ಈ ಬರಹದಲ್ಲಿ ನಾನು ತೂಗಿ ನೋಡಬೇಕೆಂದಿರುವುದು ಆ ವ್ಯವಸ್ಥೆಯನ್ನೇ.

ವೆಚ್ಚ ನಿಯಂತ್ರಣದ ಏರ್ಪಾಡನ್ನು ಹತ್ತಿರದಿಂದ ನೋಡಿದವರಿಗೆ ಅದರ ಶ್ರಮದ ಬಗ್ಗೆ ಗೌರವ ಮೂಡುತ್ತದೆ. ಪ್ರತಿ ಜಿಲ್ಲೆಯ ಚುನಾವಣಾಧಿಕಾರಿ ಒಂದು ದರಪಟ್ಟಿ ಹೊರಡಿಸುತ್ತಾರೆ. ಚಹಾ ಎಷ್ಟು, ಬಿರಿಯಾನಿ ಎಷ್ಟು, ಪ್ಲಾಸ್ಟಿಕ್ ಕುರ್ಚಿಯ ಬಾಡಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಎಂದೆಲ್ಲ ಅದರಲ್ಲಿರುತ್ತದೆ. ಅಭ್ಯರ್ಥಿಯ ಸಭೆಗೆ ವಿಡಿಯೋ ತಂಡ ಬಂದು ಕುರ್ಚಿಗಳನ್ನು ಚಿತ್ರೀಕರಿಸಿಕೊಳ್ಳುತ್ತದೆ, ಇನ್ನೊಂದು ತಂಡ ಕೂತು ಅದನ್ನು ನೋಡಿ ಎಣಿಸುತ್ತದೆ. ಅಭ್ಯರ್ಥಿ ತೋರಿಸಿದ ಲೆಕ್ಕಕ್ಕೆ ಎದುರಾಗಿ ಚುನಾವಣಾ ಆಯೋಗದ ‘ನೆರಳು ಪುಸ್ತಕ’ ಇರುತ್ತದೆ. ರಸ್ತೆಗಳಲ್ಲಿ ತನಿಖಾ ಠಾಣೆ. ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರು ಕಾಗದಪತ್ರ ತೋರಿಸಬೇಕು. ಬೇಗಂ ಬಜಾರಿನ ಸಗಟು ವ್ಯಾಪಾರಿ, ಮದುವೆಗೆ ಬಂಗಾರ ಕೊಳ್ಳಲು ಹೊರಟ ಕುಟುಂಬ, ಆಸ್ಪತ್ರೆಗೆ ಹಣ ಕಟ್ಟಲು ಹೊರಟವರು ಎಲ್ಲರೂ ಆ ಕೆಲವು ವಾರ ಚೀಲ ಬಿಚ್ಚಿ ತೋರಿಸಬೇಕಾಗುತ್ತದೆ. 2023ರ ನವೆಂಬರ್ 20ರ ಹೊತ್ತಿಗೆ ತೆಲಂಗಾಣ ಒಂದರಲ್ಲೇ 659 ಕೋಟಿ ರೂಪಾಯಿಗೂ ಹೆಚ್ಚಿನ ನಗದು, ಮದ್ಯ, ಬಂಗಾರ, ಮಾದಕವಸ್ತು, ಉಡುಗೊರೆಗಳನ್ನು ಹಿಡಿದಿದ್ದೇವೆಂದು ಆಯೋಗ ಹೇಳಿತು. ಅದರಲ್ಲಿ ನಗದೇ 225 ಕೋಟಿ. ಅದೇ ವರ್ಷ ಕರ್ನಾಟಕದಲ್ಲಿ ಹಿಡಿದದ್ದು 375 ಕೋಟಿಯ ಮಾಲು. ಹಿಡಿದವರ ದುಡಿಮೆ ಸಣ್ಣದಲ್ಲ.

ಹಿಡಿದ ಮೇಲೆ ಏನಾಯಿತು ಎಂದು ಕೇಳಿದರೆ ಉತ್ತರ ತೆಳುವಾಗುತ್ತದೆ. ಹೈದರಾಬಾದಿನ ಫೋರಂ ಫಾರ್ ಗುಡ್ ಗವರ್ನೆನ್ಸ್ ಸಂಸ್ಥೆಯ ಎಂ. ಪದ್ಮನಾಭ ರೆಡ್ಡಿಯವರು ಈ ಪ್ರಶ್ನೆಯನ್ನು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಅರಣ್ಯ ಸೇವೆಯಿಂದ ನಿವೃತ್ತರಾದ ಈ ಹಿರಿಯರು ಅರ್ಜಿ ಹಾಕಿ, ಪತ್ರ ಬರೆದು, ಚುನಾವಣೆ ಮುಗಿದ ಮೇಲೆ ಮರೆತುಹೋಗುವ ಪ್ರಕರಣಗಳನ್ನು ನೆನಪಿಸುತ್ತಲೇ ಇರುತ್ತಾರೆ. ತಮಿಳುನಾಡಿನಲ್ಲಿ 2017ರಲ್ಲಿ ಆರ್.ಕೆ. ನಗರದ ಉಪಚುನಾವಣೆಯನ್ನೂ 2019ರಲ್ಲಿ ವೆಲ್ಲೂರು ಲೋಕಸಭಾ ಚುನಾವಣೆಯನ್ನೂ ಹಣದ ಹೊಳೆಯ ಕಾರಣಕ್ಕೆ ರದ್ದು ಮಾಡಲಾಗಿತ್ತು. 2022ರ ನವೆಂಬರ್‌ನಲ್ಲಿ ನಲ್ಗೊಂಡ ಜಿಲ್ಲೆಯ ಮುನುಗೋಡಿನ ಉಪಚುನಾವಣೆಗೆ ದೇಶದ ಕ್ಯಾಮೆರಾಗಳೆಲ್ಲ ಬಂದು ನಿಂತವು. ಹಣದ ಮಾತು ಬಿಟ್ಟರೆ ಅಲ್ಲಿ ಬೇರೆ ಸುದ್ದಿಯಿರಲಿಲ್ಲ. ಆದರೂ ಚುನಾವಣೆ ನಿಲ್ಲಲಿಲ್ಲ.

ಮುನುಗೋಡಿನ ಹೆಸರು ಬಂದಾಗ ನನಗೆ 1952 ನೆನಪಾಗುತ್ತದೆ. ಬೀದರ್, ಕಲಬುರ್ಗಿ, ರಾಯಚೂರಿನ ನಮ್ಮ ಹಿರಿಯರೂ ಆಗ ಹೈದರಾಬಾದ್ ರಾಜ್ಯದ ಮತದಾರರೇ. ಆ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣ ರೆಡ್ಡಿ ಜವಾಹರಲಾಲ್ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಗೆದ್ದರು. ರೈತ ಹೋರಾಟದಿಂದ ಬಂದವರು ಅವರು. ಅದೇ ನಾಡಿನ ಯೆಲ್ಲಂದು ಕ್ಷೇತ್ರದಿಂದ ಐದು ಬಾರಿ ಶಾಸಕರಾದ ಗುಮ್ಮಡಿ ನರಸಯ್ಯ ವಿಧಾನಸಭೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಬದುಕಿನ ಮೇಲೆ ಚಿತ್ರವೊಂದು ಘೋಷಣೆಯಾಗಿ, ಆ ಪಾತ್ರಕ್ಕೆ ನಮ್ಮ ಶಿವರಾಜ್‌ಕುಮಾರ್ ಆಯ್ಕೆಯಾಗಿರುವುದರಿಂದ ಕನ್ನಡದವರಿಗೂ ಈಗ ಆ ಹೆಸರು ಗೊತ್ತು. ಇಂಥವರು ನಮ್ಮಲ್ಲೂ ಇದ್ದರು. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರ ಹಿಂದೆ ಹಣವಂತರು ಇರಲಿಲ್ಲ, ಗೇಣಿ ರೈತರಿದ್ದರು. ‘ಒಂದು ವೋಟು, ಒಂದು ನೋಟು’ ಎಂದು ರೈತಸಂಘದ ಪುಟ್ಟಣ್ಣಯ್ಯನವರು ಪಾಂಡವಪುರದ ಕಡೆ ಹಳ್ಳಿಹಳ್ಳಿ ಸುತ್ತಿದ್ದೂ ಬಹಳ ಹಿಂದಿನ ಮಾತಲ್ಲ. ಕನ್ನಡದ ಆ ಘೋಷಣೆಯಲ್ಲಿ ನೋಟು ಮತದಾರನಿಂದ ಅಭ್ಯರ್ಥಿಯ ಕಡೆಗೆ ಹೋಗುತ್ತದೆ. ಇಲ್ಲಿನ ತೆಲುಗು ಪತ್ರಿಕೆಗಳ ‘ಓಟುಕು ನೋಟು’ ಎಂಬ ಮಾತಿನಲ್ಲಿ ಅದು ಹಿಂದಕ್ಕೆ ಬರುತ್ತದೆ. ಎರಡೂ ಮಾತು ಕೇಳಲು ಒಂದೇ ಥರ. ದಿಕ್ಕು ಬದಲಾದಾಗ ರಾಜಕಾರಣವೇ ಬದಲಾಗಿದೆ.

ಈಗ ಲೆಕ್ಕಕ್ಕೆ ಬರೋಣ. 2022ರ ಜನವರಿಯಿಂದ ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಹೈದರಾಬಾದಿನ ಜೂಬಿಲಿ ಹಿಲ್ಸ್ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಹೆಸರು ಕೇಳಿದರೆ ಬಂಗಲೆಗಳು ಕಣ್ಣಿಗೆ ಬರುತ್ತವೆ, ಆದರೆ ಮತಗಳಿರುವುದು ಬೋರಬಂಡ, ರಹಮತ್‌ನಗರ, ಯೂಸುಫ್‌ಗುಡ, ಎರ್ರಗಡ್ಡದ ಬಸ್ತಿಗಳಲ್ಲಿ. ಸುಮಾರು ನಾಲ್ಕು ಲಕ್ಷ ಮತದಾರರು. ನಲವತ್ತು ಲಕ್ಷವನ್ನು ನಾಲ್ಕು ಲಕ್ಷದಿಂದ ಭಾಗಿಸಿದರೆ ತಲೆಗೆ ಹತ್ತು ರೂಪಾಯಿ. ಈ ಊರಿನಲ್ಲಿ ಅಷ್ಟಕ್ಕೆ ಒಂದು ಇರಾನಿ ಚಹಾ ಬರುವುದಿಲ್ಲ. ಇಷ್ಟು ಕಡಿಮೆ ಮಿತಿಯಲ್ಲಿಯೂ ಗೆದ್ದವರು ತೋರಿಸುವ ವೆಚ್ಚ ಸಾಮಾನ್ಯವಾಗಿ ಮಿತಿಗಿಂತ ಸಾಕಷ್ಟು ಕೆಳಗೇ ಇರುತ್ತದೆ ಎಂದು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆ ಪ್ರತಿ ಚುನಾವಣೆಯ ಬಳಿಕ ಅಭ್ಯರ್ಥಿಗಳ ಲೆಕ್ಕ ತೆಗೆದು ತೋರಿಸುತ್ತ ಬಂದಿದೆ. ಶಾಸಕನಾದವನು ಮೊದಲ ದಿನವೇ ಒಂದು ಸುಳ್ಳು ಲೆಕ್ಕಕ್ಕೆ ಸಹಿ ಹಾಕಿ ಸದನ ಪ್ರವೇಶಿಸುವ ಪರಿಸ್ಥಿತಿಯನ್ನು ನಾವೇ ಕಟ್ಟಿದ್ದೇವೆ.

ಅಭ್ಯರ್ಥಿಗೆ ಮಿತಿಯಿದೆ, ಪಕ್ಷಕ್ಕಿಲ್ಲ. ಇಡೀ ಏರ್ಪಾಡಿನ ಮೂಲ ದೋಷ ಇಲ್ಲಿದೆ. ಇದು ಕಣ್ತಪ್ಪಿನಿಂದ ಆದದ್ದೂ ಅಲ್ಲ. 1974ರಲ್ಲಿ ಕನ್ವರ್‌ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಯ ಪರವಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕು ಎಂದಿತ್ತು. ಆ ತೀರ್ಪಿನ ಶಾಯಿ ಒಣಗುವ ಮೊದಲೇ ಇಂದಿರಾ ಗಾಂಧಿ ಸರ್ಕಾರ ಸುಗ್ರೀವಾಜ್ಞೆ ತಂದು, ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ಒಂದು ವಿವರಣೆ ಸೇರಿಸಿ, ಪಕ್ಷದ ಮತ್ತು ಹಿತೈಷಿಗಳ ಖರ್ಚನ್ನು ಹೊರಗಿಟ್ಟಿತು. 2003ರಲ್ಲಿ ವಾಜಪೇಯಿ ಸರ್ಕಾರದ ಕಾಲದಲ್ಲಿ ಆ ಕಿಂಡಿಯನ್ನು ಕಿರಿದು ಮಾಡಲಾಯಿತು. ಹಿತೈಷಿಗಳ ಖರ್ಚು ಲೆಕ್ಕಕ್ಕೆ ಬಂತು, ತಾರಾ ಪ್ರಚಾರಕರ ಪ್ರಯಾಣವಷ್ಟೇ ಹೊರಗುಳಿಯಿತು, ಇಪ್ಪತ್ತು ಸಾವಿರ ಮೀರಿದ ದೇಣಿಗೆಗೆ ಹೆಸರು ಹೇಳಬೇಕಾಯಿತು. ಆ ತಿದ್ದುಪಡಿಗಾಗಿ ಒತ್ತಡ ತಂದವರಲ್ಲಿ ಹೈದರಾಬಾದಿನ ಲೋಕಸತ್ತಾ ಮುಂಚೂಣಿಯಲ್ಲಿತ್ತು. ಐಎಎಸ್ ಬಿಟ್ಟು 1996ರಲ್ಲಿ ಅದನ್ನು ಕಟ್ಟಿದ ಜಯಪ್ರಕಾಶ್ ನಾರಾಯಣ್ 2009ರಲ್ಲಿ ಕೂಕಟ್‌ಪಲ್ಲಿಯಿಂದ ಗೆದ್ದರು. ಅಖಂಡ ಆಂಧ್ರದಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು ಆ ಒಂದೇ ಸ್ಥಾನ. ಒಬ್ಬರೇ ಗೆಲ್ಲುವ ಸ್ಪರ್ಧೆ ಇರುವವರೆಗೆ ಕೊನೆಯ ಕೆಲವು ಸಾವಿರ ಮತಗಳಿಗೆ ಚಿನ್ನದ ಬೆಲೆ ಬರುತ್ತದೆ, ಆದ್ದರಿಂದ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕು ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅದು ಬರುವವರೆಗೆ ಪಕ್ಷಗಳ ಖರ್ಚಿಗೆ ಮಿತಿ ಹಾಕುವ ಕೆಲಸ ಕಾಯಬಾರದು. ಇಂಗ್ಲೆಂಡಿನಲ್ಲಿ ಅಭ್ಯರ್ಥಿಯ ಮಿತಿ 1883ರಿಂದ ಇದೆ, ಪಕ್ಷದ ಮಿತಿ 2000ದ ಕಾಯ್ದೆಯಿಂದ ಬಂತು. ಅದರಿಂದ ಅಲ್ಲಿನ ಪಕ್ಷಗಳು ಮುಚ್ಚಿಹೋಗಲಿಲ್ಲ.

ಇನ್ನು ಬಾಂಡಿನ ಕಥೆ. ನಮ್ಮ ಮನೆಯಿಂದ ಕೋಠಿ ದೂರವಿಲ್ಲ. ಅಲ್ಲಿನ ಬ್ಯಾಂಕ್ ಸ್ಟ್ರೀಟಿನ ಸ್ಟೇಟ್ ಬ್ಯಾಂಕ್ ಶಾಖೆಯ ಮುಂದೆ ಪುಸ್ತಕ ಕೊಳ್ಳಲು ಹೋಗುವಾಗಲೆಲ್ಲ ಹಾದುಹೋಗಿದ್ದೇನೆ. 2018ರ ಜನವರಿಯಲ್ಲಿ ಅಧಿಸೂಚನೆಯಾದ ಚುನಾವಣಾ ಬಾಂಡ್ ಯೋಜನೆಯಲ್ಲಿ ಬಾಂಡು ಮಾರಲು ಅನುಮತಿ ಪಡೆದ 29 ಶಾಖೆಗಳಲ್ಲಿ ಇದೂ ಒಂದು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗೆ ಐದು ಮುಖಬೆಲೆ, ಹದಿನೈದು ದಿನದ ಆಯಸ್ಸು. ಬಾಂಡಿನ ಮೇಲೆ ಕೊಟ್ಟವರ ಹೆಸರಿಲ್ಲ. ಸಾಮಾನ್ಯ ನಾಗರಿಕನೂ ಕೊಳ್ಳಬಹುದು ಎಂದು ಹೇಳಲಾಗಿತ್ತು. ಮಾರಾಟವಾದ ಒಟ್ಟು ಮೌಲ್ಯದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಒಂದು ಕೋಟಿಯ ಬಾಂಡುಗಳದ್ದೇ ಆಯಿತು. ಯೋಜನೆ ಬಂದ ಕೆಲವೇ ತಿಂಗಳಲ್ಲಿ ಪತ್ರಕರ್ತೆ ಪೂನಂ ಅಗರ್ವಾಲ್ ಸಾವಿರ ರೂಪಾಯಿಯ ಎರಡು ಬಾಂಡು ಕೊಂಡು ಪ್ರಯೋಗಾಲಯಕ್ಕೆ ಕೊಟ್ಟರು. ಬರಿಗಣ್ಣಿಗೆ ಕಾಣದ ಒಂದು ಸಂಖ್ಯೆ ಅದರ ಮೂಲೆಯಲ್ಲಿದ್ದು, ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯಿತು. ಯಾರು ಕೊಂಡರು ಎಂಬುದು ಸರ್ಕಾರದ ಒಡೆತನದ ಬ್ಯಾಂಕಿಗೆ ಗೊತ್ತಿತ್ತು, ಮತ ಹಾಕುವ ಜನರಿಗೆ ಗೊತ್ತಿರಲಿಲ್ಲ. ಈ ಯೋಜನೆಗೆ ಅದಕ್ಕಿಂತ ಕಟುವಾದ ವಿಮರ್ಶೆ ಬೇಕಿಲ್ಲ.

ಯೋಜನೆಯ ಜೊತೆಗೇ ಇನ್ನೊಂದು ಬಾಗಿಲು ಸದ್ದಿಲ್ಲದೆ ತೆರೆದಿತ್ತು. ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿರಲಿಲ್ಲ. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನೇ ಕಿತ್ತುಹಾಕಿತು. ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಾಯಿತು. 1957ರಲ್ಲೇ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಟಾಟಾ ಉಕ್ಕು ಕಂಪನಿಯ ಪ್ರಕರಣದಲ್ಲಿ ಅನುಮತಿ ಕೊಡುತ್ತಲೇ, ಕಂಪನಿ ಹಣ ಪ್ರಜಾಪ್ರಭುತ್ವವನ್ನು ನುಂಗುವ ಅಪಾಯವಿದೆ ಎಂದು ಸಂಸತ್ತನ್ನು ಎಚ್ಚರಿಸಿದ್ದರು. ಅರವತ್ತು ವರ್ಷದ ಬಳಿಕ ಸಂಸತ್ತು ಆ ಎಚ್ಚರಿಕೆಯ ವಿರುದ್ಧ ದಿಕ್ಕಿಗೆ ನಡೆಯಿತು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಲಾಭದ ಮಿತಿ ತೆಗೆದದ್ದನ್ನೂ ಅಸಾಂವಿಧಾನಿಕ ಎಂದಿತು. ಬಾಂಡು ಕೊಂಡವರ, ಪಡೆದವರ ವಿವರ ಕೊಡಲು ಬ್ಯಾಂಕು ಜೂನ್ ಕೊನೆಯವರೆಗೆ ಸಮಯ ಕೇಳಿದಾಗ ಕೋರ್ಟು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಪಟ್ಟಿ ಹೊರಬಿತ್ತು. ಆ ರಾತ್ರಿ ಹೈದರಾಬಾದಿನಲ್ಲಿ ಅದನ್ನು ಓದಿದವರಿಗೆ ಅದು ದೂರದ ದೆಹಲಿಯ ದಾಖಲೆಯಾಗಿ ಕಾಣಲಿಲ್ಲ, ಅದರ ತುಂಬ ಈ ಊರಿನ ಕಂಪನಿಗಳ ಹೆಸರಿತ್ತು. ಇಲ್ಲಿನ ಮೇಘಾ ಎಂಜಿನಿಯರಿಂಗ್ ಕಂಪನಿ 966 ಕೋಟಿ ರೂಪಾಯಿಯ ಬಾಂಡು ಕೊಂಡು ದೇಶದಲ್ಲೇ ಎರಡನೇ ಸ್ಥಾನದಲ್ಲಿತ್ತು. ಕಾಳೇಶ್ವರಂ ಏತ ನೀರಾವರಿಯ ದೈತ್ಯ ಪಂಪ್‌ಹೌಸ್‌ಗಳನ್ನು ಕಟ್ಟಿದ್ದು ಇದೇ ಕಂಪನಿ. ಅದರ ಬಾಂಡಿನ ದೊಡ್ಡ ಪಾಲು, ಸುಮಾರು 585 ಕೋಟಿ, ಕೇಂದ್ರದಲ್ಲಿ ಆಳುವ ಬಿಜೆಪಿಗೆ ಹೋಗಿತ್ತು. 195 ಕೋಟಿ ಆಗ ತೆಲಂಗಾಣ ಆಳುತ್ತಿದ್ದ ಬಿಆರ್‌ಎಸ್‌ಗೆ. ಬಾಂಡು ಕೊಟ್ಟಿದ್ದಕ್ಕೇ ಗುತ್ತಿಗೆ ಸಿಕ್ಕಿತೆಂದು ಯಾವ ನ್ಯಾಯಾಲಯವೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಸರ್ಕಾರದಿಂದ ಸಾವಿರಾರು ಕೋಟಿಯ ಕೆಲಸ ಪಡೆಯುವವರು ಆ ಸರ್ಕಾರ ನಡೆಸುವ ಪಕ್ಷಕ್ಕೆ ನೂರಾರು ಕೋಟಿ ಕೊಡಲು ಕಾನೂನು ಬಿಟ್ಟದ್ದೇ ತಪ್ಪು ಎಂಬುದು ನನ್ನ ಮಾತು. ಕೊಟ್ಟವರು ಯಾರು, ಪಡೆದವರು ಯಾರು ಎಂಬುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಬಿಆರ್‌ಎಸ್‌ಗೆ 2019ರ ಏಪ್ರಿಲ್‌ನಿಂದ ಬಂದ ಒಟ್ಟು ಬಾಂಡು 1,214 ಕೋಟಿ. ತೆಲಂಗಾಣದಲ್ಲಿ ವಿಧಾನಸಭಾ ಕ್ಷೇತ್ರಗಳು 119. ಒಂದು ಪಕ್ಷ ಎಲ್ಲ ಕಡೆ ಅಭ್ಯರ್ಥಿ ನಿಲ್ಲಿಸಿ, ಪ್ರತಿಯೊಬ್ಬರೂ ಕಾನೂನಿನ ಮಿತಿಯವರೆಗೆ ಪೂರ್ತಿ ಖರ್ಚು ಮಾಡಿದರೂ 48 ಕೋಟಿ ದಾಟುವುದಿಲ್ಲ. ಬಂದ ಹಣ ಅದರ ಇಪ್ಪತ್ತೈದು ಪಟ್ಟು. ಇದು ಒಂದು ಪಕ್ಷದ ದೂರು ಎಂದು ಓದಬೇಡಿ. ಬಿಜೆಪಿಗೆ ಅದೇ ಅವಧಿಯಲ್ಲಿ 6,060 ಕೋಟಿ ಬಂತು, ತೃಣಮೂಲಕ್ಕೆ 1,609 ಕೋಟಿ, ಕಾಂಗ್ರೆಸ್ಸಿಗೆ 1,421 ಕೋಟಿ. ಬಾಂಡನ್ನು ನಿರಾಕರಿಸಿದ್ದು ಎಡಪಕ್ಷಗಳು. ಕೋರ್ಟಿನಲ್ಲಿ ಅರ್ಜಿದಾರರಾಗಿಯೂ ನಿಂತ ಸಿಪಿಎಂಗೆ ಆ ಗೌರವ ಸಲ್ಲಬೇಕು.

ಇಂಥ ಮೊತ್ತದ ಎದುರಿಗೆ ಕುರ್ಚಿ ಎಣಿಸುವ ವಿಡಿಯೋ ತಂಡವನ್ನು ಇಟ್ಟು ನೋಡಿ. ಅವರು ಹುಡುಕುತ್ತಿರುವುದು ಕಾಲುವೆಯ ಕೊನೆಯಲ್ಲಿ ಸೋರಿದ ನೀರು. ತೂಬು ಮೇಲೆ ತೆರೆದೇ ಇದೆ.

ತೀರ್ಪಿನ ಬಳಿಕ ಏನು ಬದಲಾಯಿತು? ಹಳೆಯ ಹೆಸರುಗಳು ಗೊತ್ತಾದವು. ಲಾಭದ ಮಿತಿ ಮರಳಿತು. ಆದರೆ ತನಿಖಾ ತಂಡ ನೇಮಿಸಬೇಕೆಂಬ ಅರ್ಜಿಯನ್ನು ಕೋರ್ಟು 2024ರ ಆಗಸ್ಟ್ 2ರಂದು ತಳ್ಳಿಹಾಕಿತು, ಸಂಸತ್ತು ಹೊಸ ಕಾಯ್ದೆಯ ಮಾತೇ ಎತ್ತಲಿಲ್ಲ. ಕಂಪನಿಗಳು 2013ರ ನಿಯಮದ ಚುನಾವಣಾ ಟ್ರಸ್ಟುಗಳ ಕಡೆ ತಿರುಗಿದವು. ಟ್ರಸ್ಟು ಬಾಂಡಿಗಿಂತ ಮೇಲು, ಕೊಟ್ಟವರ ಹೆಸರೂ ಪಡೆದ ಪಕ್ಷದ ಹೆಸರೂ ವಾರ್ಷಿಕ ವರದಿಯಲ್ಲಿ ಸಿಗುತ್ತವೆ. ಹಲವರ ಹಣ ಒಂದೇ ಹಂಡೆಗೆ ಬಿದ್ದು ಹಲವು ಪಕ್ಷಗಳಿಗೆ ಹಂಚಿಹೋಗುವುದರಿಂದ ಯಾರ ಹಣ ಯಾವ ಪಕ್ಷಕ್ಕೆ ಎಂಬುದು ಮಾತ್ರ ಅಲ್ಲಿ ಕರಗಿಹೋಗುತ್ತದೆ. ವರದಿ ಕೈಗೆ ಸಿಗುವಾಗ ಚುನಾವಣೆ ಮುಗಿದಿರುತ್ತದೆ.

ಪಕ್ಷಗಳಿಗೆ ಸರ್ಕಾರವೇ ಹಣ ಕೊಡಲಿ ಎನ್ನುವವರಿದ್ದಾರೆ. 1998ರ ಇಂದ್ರಜಿತ್ ಗುಪ್ತ ಸಮಿತಿ ಭಾಗಶಃ, ಅದೂ ವಸ್ತುರೂಪದಲ್ಲಿ, ಕೊಡಬಹುದೆಂದಿತ್ತು. ಈಗಿನ ಸ್ಥಿತಿಯಲ್ಲಿ ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ ಎಂದಿತು, ಅವು ಆ ಆದೇಶವನ್ನು ಪಾಲಿಸಲೇ ಇಲ್ಲ. ಲೆಕ್ಕ ತೋರಿಸದವರಿಗೆ ಖಜಾನೆಯ ಹಣ ಕೊಟ್ಟರೆ ಕಂಪನಿಯ ಹಣದ ಮೇಲೆ ಇನ್ನಷ್ಟು ಸೇರಿತು ಅಷ್ಟೆ. ಅಮೆರಿಕದ ಸಿಯಾಟಲ್ ನಗರದವರು 2015ರಲ್ಲಿ ಮತ ಹಾಕಿ ಒಪ್ಪಿದ ಕ್ರಮ ನನಗೆ ಹೆಚ್ಚು ಹಿಡಿಸಿದೆ. ಅಲ್ಲಿ ಪ್ರತಿ ಅರ್ಹ ನಿವಾಸಿಗೂ ನಗರಾಡಳಿತ 25 ಡಾಲರಿನ ನಾಲ್ಕು ಚೀಟಿ ಕಳಿಸುತ್ತದೆ, ತಮಗೆ ಬೇಕಾದ ಅಭ್ಯರ್ಥಿಗೆ ಅವರು ಅದನ್ನು ಕೊಡಬಹುದು. ಚೀಟಿ ಬೇಕಾದ ಅಭ್ಯರ್ಥಿ ಜನರ ಮನೆ ಬಾಗಿಲಿಗೆ ಕೈ ಒಡ್ಡಿ ಬರಬೇಕು. ಪುಟ್ಟಣ್ಣಯ್ಯನವರ ನೋಟಿಗೆ ಅದು ಹತ್ತಿರದ ಸಂಬಂಧಿ. ಅದೇ ದೇಶದಲ್ಲಿ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಕಂಪನಿ ಹಣಕ್ಕೆ ಕೋಟೆಯ ಬಾಗಿಲು ತೆಗೆದದ್ದೂ ನಿಜ. ಆದರೆ ಕೇಂದ್ರ ಸರ್ಕಾರದ ಗುತ್ತಿಗೆದಾರರು ಅಭ್ಯರ್ಥಿಗಳಿಗೆ, ಪಕ್ಷಗಳಿಗೆ ದೇಣಿಗೆ ಕೊಡಬಾರದೆಂಬ 1940ರ ನಿಷೇಧ ಅಲ್ಲಿ ಇನ್ನೂ ನಿಂತಿದೆ. ನಮ್ಮ ಕಂಪನಿ ಕಾಯ್ದೆಯ 182ನೇ ಕಲಮು ಸರ್ಕಾರಿ ಕಂಪನಿಗಳಿಗೆ, ಮೂರು ವರ್ಷ ತುಂಬದ ಕಂಪನಿಗಳಿಗೆ ದೇಣಿಗೆ ಕೊಡಬೇಡಿ ಎನ್ನುತ್ತದೆ. ಸರ್ಕಾರದ ಅಣೆಕಟ್ಟು, ಸುರಂಗ, ರಸ್ತೆ ಗುತ್ತಿಗೆ ಹಿಡಿದ ಕಂಪನಿಗೆ ಹಾಗೆ ಹೇಳುವುದಿಲ್ಲ. ಮೊದಲು ತಿದ್ದಬೇಕಾದ ಸಾಲು ಅದು. 1969ರಿಂದ 1985ರವರೆಗೆ ಕಂಪನಿ ದೇಣಿಗೆಯನ್ನು ಪೂರ್ತಿ ನಿಷೇಧಿಸಿ, ಬೇರೆ ದಾರಿ ಕೊಡದೆ, ಹಣವನ್ನು ಕತ್ತಲೆಗೆ ತಳ್ಳಿದ ಅನುಭವ ನಮಗಿದೆ. ಹಾಗಾಗಿ ಈ ನಿಷೇಧ ಗುತ್ತಿಗೆದಾರರಿಗೆ ಸೀಮಿತವಾಗಿ ಖಚಿತವಾಗಿರಲಿ, ಉಳಿದ ದೇಣಿಗೆ ಬಂದ ವಾರದೊಳಗೆ ಆಯೋಗದ ಜಾಲತಾಣದಲ್ಲಿ ಕಾಣಲಿ, ಪಕ್ಷದ ಖರ್ಚಿಗೂ ಮಿತಿ ಬರಲಿ, ಅಭ್ಯರ್ಥಿಯ ಮಿತಿ ಸುಳ್ಳು ಹೇಳಬೇಕಾಗದಷ್ಟು ಏರಲಿ.

ಕವರಿನ ಬಗ್ಗೆ ಇನ್ನೊಂದು ಮಾತು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನ ತಗ್ಗು ಬಸ್ತಿಗಳು ಮುಳುಗಿದವು. ಸರ್ಕಾರ ಕುಟುಂಬಕ್ಕೆ ಹತ್ತು ಸಾವಿರ ಪರಿಹಾರ ಕೊಡಲು ಹೊರಟಿತು. ಅಷ್ಟರಲ್ಲಿ ಪಾಲಿಕೆ ಚುನಾವಣೆ ಘೋಷಣೆಯಾಗಿ ರಾಜ್ಯ ಚುನಾವಣಾ ಆಯೋಗ ನವೆಂಬರ್ 18ರಂದು ಹಂಚಿಕೆ ನಿಲ್ಲಿಸಿತು. ಆ ದಿನ ಸರ್ಕಾರಿ ಅರ್ಜಿ ಹಾಕುವ ಮೀಸೇವಾ ಕೇಂದ್ರಗಳ ಮುಂದೆ ಹೆಂಗಸರು ಆಧಾರ್ ಜೆರಾಕ್ಸ್ ಹಿಡಿದು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ನಮ್ಮ ಅಕ್ಕನೂ ಆ ಸಾಲಿನಲ್ಲಿದ್ದು ಬರಿಗೈಯಲ್ಲಿ ಬಂದರು. ಹಕ್ಕಿನ ಪರಿಹಾರ ಸಾಲಿನಲ್ಲಿ ನಿಂತರೂ ಸಿಗುವುದಿಲ್ಲ, ಲಂಚದ ಕವರು ಮನೆ ಬಾಗಿಲಿಗೇ ಬರುತ್ತದೆ. ಇದನ್ನು ಕಂಡವರಿಗೆ ಕವರು ಬೇಡವೆನ್ನಿ ಎಂದು ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಡಿಸೆಂಬರ್ ಪಾಲಿಕೆ ಚುನಾವಣೆಯಲ್ಲಿ ನೂರಕ್ಕೆ 47 ಮಂದಿಯೂ ಮತ ಹಾಕಲಿಲ್ಲ. ನಮ್ಮಂಥ ಮಧ್ಯಮವರ್ಗದ ಅಪಾರ್ಟ್‌ಮೆಂಟುಗಳಲ್ಲಿ ಅಂದು ರಜೆಯ ನಿದ್ದೆ. ಕವರು ತೆಗೆದುಕೊಂಡವರನ್ನು ಬೈಯುವ ಹಕ್ಕು ಮತಗಟ್ಟೆಗೇ ಹೋಗದವರಿಗೆ ಇಲ್ಲ.

2023ರ ನವೆಂಬರ್ 30ರಂದು ನಮ್ಮ ಅಕ್ಕ ಬೆಳಿಗ್ಗೆ ಏಳಕ್ಕೇ ಹೋಗಿ ಮತ ಹಾಕಿ, ಮಸಿ ಹಚ್ಚಿದ ಬೆರಳಿನಲ್ಲೇ ಕೆಲಸಕ್ಕೆ ಬಂದರು. ಕವರು ಕೊನೆಗೂ ಬಂದಿರಲಿಲ್ಲ. ಹೈದರಾಬಾದಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಬೀದರಿನಲ್ಲಿರಲಿ, ಮುಂದಿನ ಸಲ ಮತ ಕೇಳಲು ಮನೆಗೆ ಬಂದವರನ್ನು ಒಂದು ಮಾತು ಕೇಳಿ: ನಿಮ್ಮ ಪಕ್ಷದ ಖರ್ಚಿಗೆ ಮಿತಿ ಹಾಕುವ ಮಸೂದೆಗೆ, ಗುತ್ತಿಗೆದಾರರ ದೇಣಿಗೆ ನಿಲ್ಲಿಸುವ ಮಸೂದೆಗೆ ಕೈ ಎತ್ತುತ್ತೀರಾ? ಅವರು ಕೊಡುವ ಉತ್ತರವನ್ನು ಬರೆದಿಟ್ಟುಕೊಳ್ಳಿ.